ಚಿತ್ರದ ಹಿಂದೆ ನಿಂತ ಲೇಖಕ



ಮೂವತ್ತಕ್ಕೂ ಹೆಚ್ಚು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ಬಾನುಲಿಯ ಮುಂದೆ ಕುಳಿತರೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುತ್ತಾನೆಂದು ನೀವು ನಿರೀಕ್ಷಿಸುವುದು ಸಹಜ. ಇಂದು ನಾನು ಆರಿಸಿಕೊಂಡಿರುವ ವಿಷಯ ಅಷ್ಟು ಘನವಾದುದಲ್ಲ. ಪತ್ರಿಕೆಗಳಲ್ಲಿ ಬರುವ ಚಿತ್ರಕಥೆ, ಎಲ್ಲರೂ ಕಾಮಿಕ್ಸ್ ಎಂದು ಕರೆಯುವ ಆ ಚೌಕಗಳ ಸಾಲು, ಅದಕ್ಕೆ ಕಥೆ ಮತ್ತು ಮಾತು ಬರೆಯುವವನ ಬದುಕು, ಕಸುಬು ಇವು ನನ್ನ ವಿಷಯ. ಈ ವಿಷಯದಲ್ಲಿ ನನ್ನ ತಲೆಯ ಮೇಲೆ ಒಂದು ಹಳೆಯ ಸಾಲವೂ ಇದೆ. ಅದನ್ನು ಮಾತಿನ ಕೊನೆಗೆ ನಿವೇದಿಸಿಕೊಳ್ಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಸುಳ್ಯದ ಕಡೆಯ ಒಂದು ಹಳ್ಳಿಯಲ್ಲಿ. 1970ರ ಆಸುಪಾಸಿನಲ್ಲಿ ನಮ್ಮ ಮನೆಗೆ ಪತ್ರಿಕೆ ತರಿಸುವ ಪದ್ಧತಿ ಇರಲಿಲ್ಲ. ಅಡಿಕೆ ಮಾರಲು ಪುತ್ತೂರಿಗೆ ಹೋದ ತಂದೆಯವರು ಸಂಜೆಯ ಬಸ್ಸಿನಲ್ಲಿ ಹಿಂದಿರುಗುವಾಗ ಒಮ್ಮೊಮ್ಮೆ ‘ಸುಧಾ’ ವಾರಪತ್ರಿಕೆಯನ್ನು ಹಿಡಿದುಕೊಂಡು ಬರುತ್ತಿದ್ದರು. ಹಿರಿಯರು ಧಾರಾವಾಹಿ ಓದುವ ಮುನ್ನವೇ ನಾವು ಮಕ್ಕಳು ಫ್ಯಾಂಟಮ್‌ನ ಪುಟಕ್ಕೆ ಮುಗಿಬೀಳುತ್ತಿದ್ದೆವು. ಈ ವಾರದ ಸಂಚಿಕೆ ಸಿಕ್ಕಿದರೆ ಮುಂದಿನ ಎರಡು ವಾರದ್ದು ಸಿಕ್ಕದು. ನಡುವೆ ತಪ್ಪಿಹೋದ ಕಥೆಯನ್ನು ನಾವೇ ಹಟ್ಟಿಯ ಬದಿಯಲ್ಲಿ ಕುಳಿತು ಕಟ್ಟಿಕೊಳ್ಳಬೇಕಾಗಿತ್ತು. ಹೀಗೆ ನಮಗೆ ತಿಳಿಯದೆಯೇ ನಾವು ಆ ಕಥೆಗಾರನ ಪಾಲುಗಾರರಾಗಿದ್ದೆವು. ಆದರೆ ಇದನ್ನು ಬರೆದವನು ಯಾರು ಎಂಬ ಪ್ರಶ್ನೆ ನಮ್ಮಲ್ಲಿ ಒಬ್ಬನಿಗೂ ಹುಟ್ಟಲಿಲ್ಲ. ಕಾಡು ಇದ್ದಂತೆ, ಮಳೆ ಬಂದಂತೆ, ಫ್ಯಾಂಟಮ್ ಇದ್ದ.

ಬರೆದವನ ಹೆಸರು ಲೀ ಫಾಕ್. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1911ರಲ್ಲಿ ಜನಿಸಿದವನು. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಮಾಂಡ್ರೇಕ್ ಎಂಬ ಜಾದೂಗಾರನ ಕಥೆಯನ್ನು ಕಲ್ಪಿಸಿಕೊಂಡ. ಅದು 1934ರಲ್ಲಿ ಪತ್ರಿಕೆಗಳಲ್ಲಿ ಆರಂಭವಾಯಿತು. ಎರಡು ವರ್ಷಗಳ ತರುವಾಯ, 1936ರ ಫೆಬ್ರವರಿ 17ರಂದು, ಫ್ಯಾಂಟಮ್ ಕಾಣಿಸಿಕೊಂಡ. ಮಾಂಡ್ರೇಕನ ಚಿತ್ರಗಳನ್ನು ಫಿಲ್ ಡೇವಿಸ್, ಫ್ಯಾಂಟಮ್‌ನ ಚಿತ್ರಗಳನ್ನು ರೇ ಮೂರ್ ಬರೆದರು. ಚಿತ್ರಕಾರರು ಮುಂದೆ ಬದಲಾಗುತ್ತ ಹೋದರು. ವಿಲ್ಸನ್ ಮೆಕಾಯ್ ಬಂದರು, ಸೈ ಬ್ಯಾರಿ ಬಂದರು, ಫ್ರೆಡ್ ಫ್ರೆಡರಿಕ್ಸ್ ಬಂದರು. ಬರೆಯುವ ಕೈ ಮಾತ್ರ ಅದೇ ಉಳಿಯಿತು. 1999ರ ಮಾರ್ಚ್‌ನಲ್ಲಿ ತೀರಿಕೊಳ್ಳುವವರೆಗೆ, ಅರವತ್ತು ವರ್ಷಗಳನ್ನು ಮೀರಿ, ಆತ ಈ ಎರಡು ಕಥೆಗಳನ್ನು ಬರೆಯುತ್ತಲೇ ಇದ್ದ. ನಡುನಡುವೆ ನಾಟಕ ಬರೆದ, ನಾಟಕ ಆಡಿಸಿದ. ರಂಗಭೂಮಿಯ ಮೇಲೆ ಆತನಿಗೆ ಇದ್ದ ಪ್ರೀತಿ ದೊಡ್ಡದು. ಹೊಟ್ಟೆ ತುಂಬಿಸಿದ್ದು, ಹೆಸರು ಉಳಿಸಿದ್ದು ಚೌಕಗಳು.

1936 ಎಂದಾಗ ಪುತ್ತೂರಿನವರಿಗೆ ಇನ್ನೊಂದು ನೆನಪಾಗಬೇಕು. ನಮ್ಮ ಶಿವರಾಮ ಕಾರಂತರು ಚಿತ್ರಗಳಿಂದ ತುಂಬಿದ ‘ಬಾಲಪ್ರಪಂಚ’ದ ಸಂಪುಟಗಳನ್ನು ಹೊರತಂದದ್ದು ಅದೇ ವರ್ಷ. ಮಗುವಿಗೆ ಮಾತಿನಷ್ಟೇ ಚಿತ್ರವೂ ಬೇಕು ಎಂಬುದನ್ನು ಬಾಲವನದಲ್ಲಿ ಕುಳಿತ ಒಬ್ಬರು ಸ್ವಂತ ದುಡಿಮೆಯಿಂದ ಸಾಧಿಸಿ ತೋರಿಸುತ್ತಿದ್ದ ಹೊತ್ತಿನಲ್ಲಿಯೇ, ದೂರದ ಅಮೆರಿಕದಲ್ಲಿ ಅದೇ ತಿಳಿವಳಿಕೆ ಒಂದು ದೊಡ್ಡ ವ್ಯಾಪಾರವಾಗಿ ಬೆಳೆಯುತ್ತಿತ್ತು. ಎರಡಕ್ಕೂ ಸಂಬಂಧವಿಲ್ಲ. ಆದರೂ ಎರಡನ್ನೂ ಒಟ್ಟಿಗೆ ನೆನೆಯುವುದರಲ್ಲಿ ಒಂದು ಪ್ರಯೋಜನವಿದೆ. ಅದು ಮುಂದೆ ತಿಳಿದೀತು.

ಈ ಬರವಣಿಗೆಯ ಕಷ್ಟವೇನು? ದಿನಪತ್ರಿಕೆಯ ಚಿತ್ರಕಥೆಗೆ ಒಂದು ದಿನಕ್ಕೆ ಸಿಗುವುದು ಮೂರೋ ನಾಲ್ಕೋ ಚೌಕ. ನಿನ್ನೆ ಓದದವನಿಗೂ ಕಥೆ ತಿಳಿಯಬೇಕಾದುದರಿಂದ ಮೊದಲನೆಯ ಚೌಕದಲ್ಲಿ ನಿನ್ನೆಯ ನೆನಪು ಇರಬೇಕು. ನಾಳೆಯೂ ಪತ್ರಿಕೆ ಕೊಳ್ಳಬೇಕಾದುದರಿಂದ ಕೊನೆಯ ಚೌಕದಲ್ಲಿ ಒಂದು ಕುತೂಹಲ ಇರಬೇಕು. ಕಥೆ ಮುಂದೆ ಸರಿಯಲು ಉಳಿಯುವುದು ನಡುವಿನ ಒಂದೆರಡು ಚೌಕ. ಪಾತ್ರದ ಮಾತನ್ನು ತುಂಬುವ ಗುಳ್ಳೆಯಲ್ಲಿ ಇಪ್ಪತ್ತು, ಇಪ್ಪತ್ತೈದು ಶಬ್ದ ಹಿಡಿದರೆ ಹೆಚ್ಚು. ಚಿತ್ರ ಹೇಳುವುದನ್ನು ಮಾತು ಮತ್ತೆ ಹೇಳಿದರೆ ಓದುಗನಿಗೆ ಬೇಸರ. ಚಿತ್ರ ಹೇಳಲಾರದುದನ್ನು ಮಾತು ಬಿಟ್ಟರೆ ಓದುಗನಿಗೆ ಗೊಂದಲ. ಇಷ್ಟೆಲ್ಲ ನಿಯಮಗಳ ನಡುವೆ ಒಂದು ಕಥೆಯನ್ನು ತಿಂಗಳುಗಟ್ಟಲೆ ನಡೆಸಬೇಕು. ಷಟ್ಪದಿಯ ಆರು ಪಾದಗಳಲ್ಲಿ ಕಥೆ ಹೇಳಿದ ನಮ್ಮ ಕವಿಗಳಿಗೆ ಈ ಕಟ್ಟುಪಾಡು ಅಪರಿಚಿತವೆನಿಸುತ್ತಿರಲಿಲ್ಲ.

ಇನ್ನೊಂದು ತೊಡಕು ಇದೆ. ಅಚ್ಚಾದ ಚೌಕವನ್ನು ತಿದ್ದುವಂತಿಲ್ಲ. ಫಾಕ್ ಮೊದಲು ಯೋಚಿಸಿದ್ದು ಬೇರೆ. ಜಿಮ್ಮಿ ವೆಲ್ಸ್ ಎಂಬ ನಗರವಾಸಿ ಶ್ರೀಮಂತ ಯುವಕನೇ ರಾತ್ರಿ ಮುಖವಾಡ ಧರಿಸಿ ಫ್ಯಾಂಟಮ್ ಆಗುತ್ತಾನೆ ಎಂಬುದು ಆತನ ಮೊದಲ ಕಲ್ಪನೆ. ಆ ಸೂಚನೆಗಳೂ ಪತ್ರಿಕೆಯಲ್ಲಿ ಬಂದುಬಿಟ್ಟಿದ್ದವು. ಕಥೆ ನಡೆಯುತ್ತಿರುವಾಗಲೇ ಮನಸ್ಸು ಬದಲಾಯಿತು. ನಾಯಕನನ್ನು ಕಾಡಿಗೆ ಕಳುಹಿಸಿದ, ಅವನಿಗೆ ನಾಲ್ಕು ಶತಮಾನಗಳ ವಂಶಾವಳಿಯನ್ನು ಕಟ್ಟಿಕೊಟ್ಟ. ಪಾಪ, ಜಿಮ್ಮಿ ವೆಲ್ಸ್ ಸದ್ದಿಲ್ಲದೆ ಮರೆಯಾದ. ಬಣ್ಣದ ಕಥೆಯೂ ಹೀಗೆಯೇ. ಫಾಕನ ಮನಸ್ಸಿನಲ್ಲಿದ್ದದ್ದು ಬೂದು ಬಣ್ಣದ ಉಡುಪು. 1939ರಲ್ಲಿ ಭಾನುವಾರದ ಬಣ್ಣದ ಪುಟ ಆರಂಭವಾದಾಗ ಅಚ್ಚಿನ ಮನೆಯಲ್ಲಿ ಅದು ನೇರಳೆಯಾಯಿತು. ಬೇರೆ ಕೆಲವು ದೇಶಗಳಲ್ಲಿ ಕೆಂಪಾಯಿತು, ನೀಲಿಯಾಯಿತು. ಕಥೆಯ ತಂದೆಗೆ ಮಗನ ಅಂಗಿಯ ಬಣ್ಣದ ಮೇಲೂ ಹಕ್ಕಿರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಆತ ಅವಸರಪಡಲಿಲ್ಲ. ಮೊದಲ ಕಥೆಯಲ್ಲಿಯೇ ಬಂದ ಡಯಾನಾಳೊಡನೆ ಫ್ಯಾಂಟಮ್‌ನ ಮದುವೆ ನಡೆದದ್ದು 1977ರಲ್ಲಿ. ನಮ್ಮ ಧಾರಾವಾಹಿ ಲೇಖಕರಲ್ಲಿ ಯಾರಿಗೂ ಇಷ್ಟು ತಾಳ್ಮೆ ಇದ್ದುದನ್ನು ನಾನು ಕಾಣೆ.

ಚಿತ್ರಕಥೆಯ ಲೇಖಕನನ್ನು ಯಾರಿಗೆ ಹೋಲಿಸಬಹುದು ಎಂದು ಯೋಚಿಸಿದಾಗ ನನಗೆ ಥಟ್ಟನೆ ನೆನಪಾಗುವವನು ಯಕ್ಷಗಾನದ ಪ್ರಸಂಗಕರ್ತ. ಆತ ಪದ್ಯ ಬರೆದು ಕೊಡುತ್ತಾನೆ. ಹಾಡುವವರು ಭಾಗವತರು. ಅರ್ಥ ಹೇಳುವವರು, ಕುಣಿಯುವವರು ಇನ್ನೊಬ್ಬರು. ಬೆಳಗಿನ ಜಾವ ಮನೆಗೆ ಮರಳುವ ಪ್ರೇಕ್ಷಕ ‘ಶೇಣಿಯವರ ವಾಲಿ ಎಂಥದು!’ ಎನ್ನುತ್ತಾನೆ. ವಾಲಿಯ ಪದ್ಯ ಬರೆದ ಕವಿಯ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಕುಂಬಳೆಯ ಪಾರ್ತಿಸುಬ್ಬನಂಥವನಿಗೇ ಆ ಗತಿಯಾದರೆ ಉಳಿದವರ ಪಾಡೇನು? ಆದರೆ ಪ್ರಸಂಗವಿಲ್ಲದೆ ಆಟವಿಲ್ಲ ಎಂಬುದು ಮೇಳದವರಿಗೆ ಗೊತ್ತು. ಚಿತ್ರಕಾರನ ಗೆರೆ ಕಣ್ಣಿಗೆ ಹೊಡೆಯುತ್ತದೆ. ಲೇಖಕನ ಕೆಲಸ ಆ ಗೆರೆಯ ಹಿಂದೆ ಅಡಗಿ ಕುಳಿತಿರುತ್ತದೆ.

ಇಲ್ಲಿ ಇನ್ನೂ ಒಂದು ಸೋಜಿಗವನ್ನು ಹೇಳಬೇಕು. ಫ್ಯಾಂಟಮ್‌ಗೆ ಇಂಗ್ಲಿಷಿನಲ್ಲಿ ‘ನಡೆದಾಡುವ ಭೂತ’ ಎಂಬ ಅರ್ಥದ ಬಿರುದಿದೆ. ಅವನು ಸಾಯುವುದಿಲ್ಲವೆಂದು ಕಾಡಿನ ಜನ ನಂಬಿದ್ದಾರೆ. ನಿಜದಲ್ಲಿ ತಂದೆ ಸತ್ತೊಡನೆ ಮಗ ಅದೇ ಮುಖವಾಡ ಧರಿಸಿ, ಅದೇ ಪ್ರತಿಜ್ಞೆ ಮಾಡಿ, ಅದೇ ಗುಹೆಯಲ್ಲಿ ಕೂರುತ್ತಾನೆ. ನಾವು ಓದುತ್ತಿದ್ದವನು ಇಪ್ಪತ್ತೊಂದನೆಯವನು. ಅಮೆರಿಕದ ಓದುಗನಿಗೆ ಇದೊಂದು ಜಾಣ ಕಲ್ಪನೆ. ತುಳುನಾಡಿನ ಮಗುವಿಗೆ ಇದು ವರ್ಷವೂ ಕಂಡ ಸಂಗತಿ. ನಮ್ಮೂರಿನ ಕೋಲದಲ್ಲಿ ಅಣಿ ಕಟ್ಟಿ, ಗಗ್ಗರ ತೊಟ್ಟು ನಿಲ್ಲುವ ಮನುಷ್ಯ ತಲೆಮಾರಿಗೊಮ್ಮೆ ಬದಲಾಗುತ್ತಾನೆ. ತಂದೆಯ ತರುವಾಯ ಮಗ ಬರುತ್ತಾನೆ. ಭೂತ ಬದಲಾಗುವುದಿಲ್ಲ. ಅದೇ ನುಡಿ, ಅದೇ ಅಭಯ. ವ್ಯಕ್ತಿ ಸಾಯುತ್ತಾನೆ, ಪಾತ್ರ ಸಾಯುವುದಿಲ್ಲ ಎಂಬ ಮಾತನ್ನು ಯಾರೂ ನಮಗೆ ವಿವರಿಸಬೇಕಾಗಿರಲಿಲ್ಲ. ಫಾಕ್‌ಗೆ ತುಳುನಾಡಿನ ಗಂಧಗಾಳಿ ಇರಲಿಲ್ಲ. ಓದುಗ ತನ್ನ ಊರಿನ ಮಣ್ಣನ್ನು ಹಚ್ಚಿಕೊಂಡೇ ಪುಸ್ತಕ ಹಿಡಿಯುತ್ತಾನೆ ಎಂಬುದಕ್ಕೆ ಇದೊಂದು ನಿದರ್ಶನ.

ಹಾಗೆಂದು ಆ ಕಥೆಗಳನ್ನು ನಾನು ಕಣ್ಣು ಮುಚ್ಚಿ ಹೊಗಳಲಾರೆ. ಕಪ್ಪು ಜನರ ಕಾಡಿಗೆ ಒಬ್ಬ ಬಿಳಿಯ ರಕ್ಷಕ ಬೇಕು ಎಂಬ ಕಲ್ಪನೆಯಲ್ಲಿ ಸಾಮ್ರಾಜ್ಯಶಾಹಿಯ ವಾಸನೆ ಇದೆ. ಆ ಆಕ್ಷೇಪ ನನಗೆ ಆಗಲೂ ಇತ್ತು, ಈಗಲೂ ಇದೆ. ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’ ಸಂಸ್ಥೆ 1964ರ ಮಾರ್ಚ್‌ನಲ್ಲಿ ‘ಇಂದ್ರಜಾಲ ಕಾಮಿಕ್ಸ್’ ಆರಂಭಿಸಿದಾಗ ಅವರಿಗೂ ಮುಜುಗರವಾಗಿರಬೇಕು. ಮೂಲದಲ್ಲಿ ಫ್ಯಾಂಟಮ್‌ನ ನಾಡಿನ ಹೆಸರು ‘ಬೆಂಗಾಲಿ’. ಭಾರತದ ಆವೃತ್ತಿಯಲ್ಲಿ ಅದು ‘ಡೆಂಕಾಲಿ’ಯಾಯಿತು. ‘ಸಿಂಗ್’ ಎಂಬ ಕಡಲ್ಗಳ್ಳರು ‘ಸಿಂಗ’ ಆದರು. ಒಂದೆರಡು ಅಕ್ಷರ ತಿದ್ದಿ ಮಾನ ಉಳಿಸಿಕೊಂಡರು.

ಆ ಇಂದ್ರಜಾಲದ ಆರಂಭದ ದಿನಗಳಲ್ಲಿ ಅಲ್ಲಿ ದುಡಿದವರೊಬ್ಬರು ನಮ್ಮ ಅವಿಭಜಿತ ದಕ್ಷಿಣ ಕನ್ನಡದವರೇ. ಕಾರ್ಕಳದಲ್ಲಿ 1929ರಲ್ಲಿ ಜನಿಸಿದ ಅನಂತ ಪೈಯವರು. ಎರಡು ವರ್ಷದ ಮಗುವಾಗಿರುವಾಗಲೇ ತಂದೆತಾಯಿಗಳನ್ನು ಕಳೆದುಕೊಂಡು, ಹನ್ನೆರಡರ ವಯಸ್ಸಿನಲ್ಲಿ ಮುಂಬಯಿ ಸೇರಿದವರು. ಓದಿದ್ದು ರಸಾಯನ ಶಾಸ್ತ್ರ ಮತ್ತು ಅದರ ತಂತ್ರವಿದ್ಯೆ. ಮನಸ್ಸು ಓಡಿದ್ದು ಮಕ್ಕಳ ಪತ್ರಿಕೆಯ ಕಡೆಗೆ. 1954ರಲ್ಲಿ ‘ಮಾನವ’ ಎಂಬ ಮಕ್ಕಳ ಪತ್ರಿಕೆ ತೆಗೆದರು, ಅದು ನಿಲ್ಲಲಿಲ್ಲ. 1967ರಲ್ಲಿ ದೆಹಲಿಯ ದೂರದರ್ಶನದ ಒಂದು ರಸಪ್ರಶ್ನೆಯನ್ನು ನೋಡಿದಾಗ ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರ ಹೇಳಿದ ಮಕ್ಕಳು ರಾಮನ ತಾಯಿಯ ಹೆಸರು ಹೇಳಲಾಗದೆ ತಡವರಿಸಿದರಂತೆ. ‘ಅಮರ ಚಿತ್ರ ಕಥಾ’ದ ಕೆಲಸಕ್ಕೆ ಇದೇ ಪ್ರೇರಣೆ ಎಂದು ಪೈಯವರು ಹೇಳುತ್ತಿದ್ದರು.

ಆದರೆ ಆ ಮಾಲೆಯ ಮೊದಲ ಹೆಜ್ಜೆ ಕನ್ನಡದ್ದು ಎಂಬುದನ್ನು ನಾವು ಮರೆಯಬಾರದು. 1965ರಲ್ಲಿ ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ ಇಂಡಿಯಾ ಬುಕ್ ಹೌಸ್ ಸಂಸ್ಥೆ ಹತ್ತು ಪುಸ್ತಕಗಳನ್ನು ಕನ್ನಡದಲ್ಲಿ ಹೊರತಂದಿತು. ಅವು ಪರದೇಶದ ಕಥೆಗಳ ಅನುವಾದ. ಅವು ಮಾರಾಟವಾದುದರಿಂದಲೇ ಸಂಸ್ಥೆಗೆ ಧೈರ್ಯ ಬಂದಿತು. ಹೀಗಾಗಿ ಪೈಯವರ ಸಂಪಾದಕತ್ವದಲ್ಲಿ ಬಂದ, ರಾಮ್ ವಾಯೀರ್ಕರ್ ಚಿತ್ರ ಬರೆದ ‘ಕೃಷ್ಣ’ ಇಂಗ್ಲಿಷ್ ಮಾಲೆಯಲ್ಲಿ ಮೊದಲನೆಯದಾದರೂ ಅದರ ಸಂಖ್ಯೆ ಹನ್ನೊಂದು. ಮುಂದೆ ಆ ಮಾಲೆ ನಾಲ್ಕುನೂರನ್ನು ಮೀರಿತು. 1980ರಲ್ಲಿ ‘ಟಿಂಕಲ್’ ಬಂದಿತು. ಪೈಯವರು 2011ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ತೀರಿಕೊಂಡಾಗ ದೇಶದ ಎರಡು ತಲೆಮಾರಿನವರು ‘ಪೈ ಅಂಕಲ್’ ಹೋದರೆಂದು ಮರುಗಿದರು. ಅವರ ಪುರಾಣಗಳಲ್ಲಿ ಹೆಣ್ಣಿನ ಚಿತ್ರ, ಜಾತಿಯ ಚಿತ್ರ, ರಾಕ್ಷಸರ ಮೈಬಣ್ಣ ಇವುಗಳ ಬಗ್ಗೆ ವಿದ್ವಾಂಸರು ಎತ್ತಿದ ಪ್ರಶ್ನೆಗಳು ನ್ಯಾಯವಾದವು. ಮೂವತ್ತೆರಡು ಪುಟಗಳಲ್ಲಿ ಒಂದು ಮಹಾಕಾವ್ಯವನ್ನು ಇಳಿಸುವಾಗ ಯಾವುದನ್ನು ಬಿಡಬೇಕೆಂದು ನಿರ್ಧರಿಸುವವನ ಕೈಯಲ್ಲಿ ದೊಡ್ಡ ಅಧಿಕಾರವಿರುತ್ತದೆ. ಅದನ್ನು ಪ್ರಶ್ನಿಸಲೇಬೇಕು.

ಪೈಯವರ ಇನ್ನೊಂದು ಸಾಹಸವನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. 1969ರಲ್ಲಿ ಅವರು ‘ರಂಗರೇಖಾ ಫೀಚರ್ಸ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಭಾರತದ ಪತ್ರಿಕೆಗಳಿಗೆ ಭಾರತದ್ದೇ ಚಿತ್ರಕಥೆಗಳನ್ನು ಒದಗಿಸುವುದು ಅದರ ಗುರಿ. ಇದರ ಮಹತ್ತ್ವ ತಿಳಿಯಬೇಕಾದರೆ ಈ ವ್ಯಾಪಾರದ ಒಳಗುಟ್ಟನ್ನು ಅರಿಯಬೇಕು. ಅಮೆರಿಕದ ಕಿಂಗ್ ಫೀಚರ್ಸ್‌ನಂಥ ಸಂಸ್ಥೆ ಒಂದೇ ಫ್ಯಾಂಟಮ್‌ನ್ನು ನೂರಾರು ಪತ್ರಿಕೆಗಳಿಗೆ ಮಾರುತ್ತದೆ. ಲೇಖಕ, ಚಿತ್ರಕಾರರ ಸಂಭಾವನೆ ಅಷ್ಟೂ ಪತ್ರಿಕೆಗಳಿಗೆ ಹಂಚಿಹೋಗುವುದರಿಂದ ಒಂದೊಂದು ಪತ್ರಿಕೆಗೆ ಬೀಳುವ ವೆಚ್ಚ ಸ್ವಲ್ಪ. ಕನ್ನಡದ ಪತ್ರಿಕೆಯೊಂದು ಕನ್ನಡದ ಲೇಖಕನಿಂದ, ಕನ್ನಡದ ಚಿತ್ರಕಾರನಿಂದ ಹೊಸದಾಗಿ ಬರೆಯಿಸಿದರೆ ಇಬ್ಬರ ಸಂಭಾವನೆಯನ್ನೂ ಅದೊಂದೇ ಹೊರಬೇಕು. ಹೀಗಾಗಿ ಹೊರಗಿನಿಂದ ತಂದ ಕಥೆಯೇ ಅಗ್ಗ, ಮನೆಯ ಕಥೆಯೇ ದುಬಾರಿ. ಕನ್ನಡದಲ್ಲಿ ವ್ಯಂಗ್ಯಚಿತ್ರಕಾರರ ದೊಡ್ಡ ಪರಂಪರೆ ಬೆಳೆದರೂ, ದಿನದಿನದ ಚಿತ್ರಕಥೆ ಬರೆದೇ ಬದುಕಿದ ಲೇಖಕರ ಪರಂಪರೆ ಬೆಳೆಯದಿರುವುದಕ್ಕೆ ಪ್ರತಿಭೆಯ ಕೊರತೆ ಕಾರಣವಲ್ಲ. ಈ ಲೆಕ್ಕಾಚಾರವೇ ಮುಖ್ಯ ಕಾರಣವೆಂದು ನನ್ನ ಭಾವನೆ.

ಅನುವಾದಕರ ಪಾಡನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಇಂಗ್ಲಿಷಿನ ದಪ್ಪಕ್ಷರಗಳಿಗೆಂದು ಬರೆದ ಗುಳ್ಳೆಯಲ್ಲಿ ಕನ್ನಡವನ್ನು ಕೂರಿಸಬೇಕು. ನಮ್ಮ ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಜಾಗ ಬೇಕು. ಪ್ರತ್ಯಯಗಳೆಲ್ಲ ಅಂಟಿಕೊಂಡು ಉದ್ದವಾದ ನಮ್ಮ ಪದವನ್ನು ಎಲ್ಲೆಂದರಲ್ಲಿ ಮುರಿಯಲಾಗದು. ‘ಹೋಗುತ್ತಿದ್ದೇನೆ’ ಎಂಬುದು ಹಿಡಿಸದೆ ‘ಹೊರಟೆ’ ಎಂದಾಗುತ್ತದೆ. ಹಾಗೆ ಬಿಗಿಯಾಗಿ, ಮಾತಿನ ಧಾಟಿಯಲ್ಲಿ ನಿಂತ ಆ ಕನ್ನಡವೇ ನಮ್ಮ ತಲೆಮಾರಿನ ಎಷ್ಟೋ ಮಕ್ಕಳಿಗೆ ಪಠ್ಯಪುಸ್ತಕದಾಚೆ ದೊರೆತ ಮೊದಲ ಓದು. ತುಳುವನ್ನೋ, ಅರೆಭಾಷೆಯನ್ನೋ, ಹವ್ಯಕವನ್ನೋ ಮನೆಯಲ್ಲಿ ಆಡುವ ನಮ್ಮ ಕಡೆಯ ಮಕ್ಕಳಿಗೆ ಅಚ್ಚಿನ ಕನ್ನಡ ಬಾಯಿಗೆ ಬಂದುದು ಈ ಗುಳ್ಳೆಗಳಿಂದ ಎಂದರೆ ಉತ್ಪ್ರೇಕ್ಷೆಯಾಗದು.

ಈಗ ನನ್ನ ಸಾಲದ ಮಾತು.

1990ರ ದಶಕದಲ್ಲಿ ನನ್ನ ತರಗತಿಯಲ್ಲಿ ಕಡಬದ ಆಚೆಯ ಒಬ್ಬ ಹುಡುಗನಿದ್ದ. ಕಡಬ ಆಗಿನ್ನೂ ತಾಲೂಕು ಆಗಿರಲಿಲ್ಲ, ಪುತ್ತೂರಿಗೆ ಸೇರಿತ್ತು. ಬೆಳಗಿನ ಮೊದಲ ಬಸ್ಸಿಗೆ ಹೊರಟು ಕಾಲೇಜಿಗೆ ಬರುತ್ತಿದ್ದ. ಒಂದು ದಿನ ಇನ್ನೂರು ಪುಟದ ಒಂದು ನೋಟುಪುಸ್ತಕವನ್ನು ತಂದು ನನ್ನ ಮೇಜಿನ ಮೇಲಿಟ್ಟ. ಕೋಟಿ ಚೆನ್ನಯರ ಕಥೆಯನ್ನು ದಿನಕ್ಕೆ ಮೂರು ಚೌಕದಂತೆ ಬರೆದಿದ್ದ. ಅವನಿಗೆ ಚಿತ್ರ ಬರುತ್ತಿರಲಿಲ್ಲ. ಚೌಕ ಹಾಕಿ, ಒಳಗೆ ಯಾವ ಚಿತ್ರ ಇರಬೇಕೆಂದು ಎರಡು ಸಾಲು, ಕೆಳಗೆ ಪಾತ್ರಗಳ ಮಾತು. ಪಡುಮಲೆ, ಪಂಜ, ಎಣ್ಮೂರು ಎಲ್ಲ ಅವನು ನಡೆದು ಬಲ್ಲ ಊರುಗಳು. ಒಂದು ಪತ್ರಿಕೆಗೆ ಮಾದರಿ ಕಳುಹಿಸಿದ್ದನಂತೆ, ಹಿಂದಕ್ಕೆ ಬಂದಿತ್ತು.

“ಸರ್, ಇದನ್ನೇ ಕೆಲಸ ಮಾಡಿಕೊಂಡು ಬದುಕಬಹುದಾ?” ಎಂದು ಕೇಳಿದ.

ಆ ಪ್ರಶ್ನೆಗೆ ನನ್ನಲ್ಲಿ ಪ್ರಾಮಾಣಿಕವಾದ ಉತ್ತರವಿತ್ತು. ಈಗ ನಿಮಗೆ ಹೇಳಿದ ಆ ಲೆಕ್ಕಾಚಾರವನ್ನು ಅವನಿಗೆ ಹೇಳಬಹುದಿತ್ತು. ನಾನು ಹೇಳಿದ್ದು, “ಪಾಡ್ದನ ಇದೆ, ಪಂಜೆಯವರ ಗದ್ಯ ಇದೆ. ಇದೆಲ್ಲ ಸಾಹಿತ್ಯ ಅಲ್ಲ ಮಾರಾಯ, ಪರೀಕ್ಷೆಗೆ ಓದು” ಎಂದು. ಆದರೂ ಒಂದು ವಾರ ಇಟ್ಟುಕೊಂಡು, ಉತ್ತರಪತ್ರಿಕೆ ತಿದ್ದುವಂತೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿ ಹಿಂದಕ್ಕೆ ಕೊಟ್ಟೆ.

ಅದರಲ್ಲಿ ಒಂದು ಪುಟ ಇಂದಿಗೂ ನನ್ನ ಕಣ್ಣ ಮುಂದಿದೆ. ಬುದ್ಯಂತನನ್ನು ಕೊಂದ ತರುವಾಯ ಅಣ್ಣತಮ್ಮಂದಿರು ಪಡುಮಲೆ ಬಿಟ್ಟು ಹೊರಡುವ ಸಂದರ್ಭ. ಮೊದಲ ಚೌಕದಲ್ಲಿ ಇಬ್ಬರೂ ತಿರುಗಿ ನಿಂತು ಊರನ್ನು ನೋಡುತ್ತಾರೆ. ಎರಡನೆಯದರಲ್ಲಿ ದೂರದ ಮನೆಯ ಮಾಡಿನಿಂದ ಏಳುವ ಹೊಗೆ. ಮೂರನೆಯದರಲ್ಲಿ ತೋಡು ದಾಟುವ ನಾಲ್ಕು ಪಾದಗಳು. ಮೂರು ಚೌಕಗಳ ಕೆಳಗೂ ಒಂದೇ ಟಿಪ್ಪಣಿ: ‘ಇಲ್ಲಿ ಮಾತು ಬೇಡ’. ಅದರ ಪಕ್ಕದಲ್ಲಿ ನಾನು ಒಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿ, ‘ಸಂಭಾಷಣೆ ಎಲ್ಲಿ?’ ಎಂದು ಬರೆದಿದ್ದೆ.

ಧ್ವನಿ ಎಂದರೇನೆಂದು ಎಂ.ಎ. ತರಗತಿಯಲ್ಲಿ ಆನಂದವರ್ಧನನನ್ನು ಓದಿ ಬಂದವನು ನಾನು. ಹೇಳದೆ ಬಿಟ್ಟದ್ದೇ ಹೇಳಿದುದಕ್ಕಿಂತ ಹೆಚ್ಚು ಎಂದು ವರ್ಷವರ್ಷವೂ ಪಾಠ ಮಾಡಿದವನು ನಾನು. ಹತ್ತೊಂಬತ್ತರ ಹುಡುಗನೊಬ್ಬ ಅದನ್ನು ಮಾಡಿ ತೋರಿಸಿದಾಗ ನನಗೆ ಕಂಡದ್ದು ಖಾಲಿ ಜಾಗ.

ನಿವೃತ್ತಿಯ ಮುಂಚಿನ ವರ್ಷ, ಸುಬ್ರಹ್ಮಣ್ಯದಿಂದ ಹಿಂದಿರುಗುವಾಗ ಕಡಬದ ಬಸ್‌ ನಿಲ್ದಾಣದಲ್ಲಿ ಅವನು ಸಿಕ್ಕಿದ. ತಲೆ ನರೆತಿತ್ತು. ಅವನೇ ಬಂದು ಮಾತನಾಡಿಸಿದ, ಚಹಾ ಕುಡಿಸಿದ. ರಬ್ಬರು, ಅಡಿಕೆ ನೋಡಿಕೊಂಡಿದ್ದಾನೆ. ಊರಿನ ಶಾಲೆಯ ಮಕ್ಕಳ ಯಕ್ಷಗಾನಕ್ಕೆ ರಾತ್ರಿಯಿಡೀ ನಡೆಯುವ ಪ್ರಸಂಗಗಳನ್ನು ಒಂದು ಗಂಟೆಗೆ ಇಳಿಸಿ ಕೊಡುತ್ತಾನಂತೆ.

“ಹೇಗೆ ಇಳಿಸುತ್ತೀ?” ಎಂದು ಕೇಳಿದೆ.

“ಚೌಕ ಹಾಕಿಕೊಳ್ತೇನೆ ಸರ್. ಕಡೇ ಚೌಕದಲ್ಲಿ ಏನು ಅಂತ ಗೊತ್ತಾದರೆ ಉಳಿದದ್ದು ಬರ್ತದೆ” ಎಂದ.

ನಾನು ಹಿಂಜರಿಯುತ್ತಲೇ ಆ ನೋಟುಪುಸ್ತಕದ ಬಗ್ಗೆ ವಿಚಾರಿಸಿದೆ. “ಅಟ್ಟದಲ್ಲಿತ್ತು, ಗೆದ್ದಲು ಹಿಡಿಯಿತು” ಎಂದು ನಕ್ಕ. ಆ ನಗುವಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ. ಬಸ್ಸು ಬಂದಿತು. ನಾನು ಹೇಳಬೇಕೆಂದಿದ್ದ ಮಾತನ್ನು ಹೇಳದೆಯೇ ಹತ್ತಿ ಕುಳಿತೆ.

ಆ ಮಾತನ್ನು ಇಂದು ಈ ಬಾನುಲಿಯ ಮೂಲಕ ಹೇಳುತ್ತಿದ್ದೇನೆ. ಆ ಪುಟ ಸಾಹಿತ್ಯವಾಗಿತ್ತು. ಅದನ್ನು ಬರೆದು ಬದುಕಲು ಆಗುತ್ತಿತ್ತೇ ಎಂಬುದು ಬೇರೆ ಪ್ರಶ್ನೆ. ಬಹುಶಃ ಆಗುತ್ತಿರಲಿಲ್ಲ. ಲೀ ಫಾಕ್‌ನ ಬೆನ್ನಿಗೆ ಒಂದು ಸಿಂಡಿಕೇಟ್ ಇತ್ತು. ಅನಂತ ಪೈಯವರಿಗೆ ಒಬ್ಬ ಪ್ರಕಾಶಕ ದೊರೆತ. ಕಾರಂತರಿಗೆ ಯಾರ ಹಂಗೂ ಇಲ್ಲದ ಛಲವಿತ್ತು. ಇವನಿಗೆ ಬೇಕಾಗಿದ್ದುದು ಮೊದಲಿಗೆ ಒಬ್ಬ ಓದುಗ. ಆ ಒಬ್ಬ ಓದುಗನಾಗುವ ಅವಕಾಶ ನನ್ನ ಮೇಜಿನ ಮೇಲೆ ಒಂದು ವಾರ ಬಿದ್ದಿತ್ತು.

ನಿಮ್ಮಲ್ಲಿ ಅಧ್ಯಾಪಕರಿದ್ದರೆ, ತಂದೆತಾಯಿಗಳಿದ್ದರೆ, ಒಂದೇ ಬಿನ್ನಹ. ಚೌಕ ಹಾಕಿದ ಯಾವುದಾದರೂ ನೋಟುಪುಸ್ತಕ ನಿಮ್ಮ ಮುಂದೆ ಬಂದರೆ, ಕೆಂಪು ಪೆನ್ಸಿಲನ್ನು ಕೈಗೆತ್ತಿಕೊಳ್ಳುವ ಮೊದಲು ಖಾಲಿ ಕಂಡ ಜಾಗವನ್ನು ಇನ್ನೊಮ್ಮೆ ನೋಡಿರಿ.



(ಬಾನುಲಿ ಭಾಷಣ)